ಬಾಡಿಗೆ ತಾಯ್ತನ: ಭ್ರೂಣ ಸೇರಿಸುವ ಮೊದಲೇ ಮುಗಿಸಬೇಕಾದ ಕೆಲಸಗಳು

ಮಗುವನ್ನು ಬಯಸುವ ದಂಪತಿಗಾಗಿ ಬೇರೊಬ್ಬ ಹೆಣ್ಣುಮಗಳು ಗರ್ಭ ಹೊತ್ತು ಹೆತ್ತುಕೊಡುವ ವ್ಯವಸ್ಥೆಗೆ ನಮ್ಮ ದೇಶದಲ್ಲಿ 2022ರ ಜನವರಿ 25ರಿಂದ ಒಂದು ಕಾನೂನು ಜಾರಿಯಲ್ಲಿದೆ. 2021ರ ಬಾಡಿಗೆ ತಾಯ್ತನ ನಿಯಂತ್ರಣ ಕಾಯ್ದೆ ಮತ್ತು ಅದರಡಿ 2022ರ ಜೂನ್ ತಿಂಗಳಲ್ಲಿ ಹೊರಟ ನಿಯಮಗಳು, ಈ ದಾರಿಯನ್ನು ಯಾರು ಹಿಡಿಯಬಹುದು, ಗರ್ಭ ಹೊರಲು ಯಾರು ಅರ್ಹರು, ಹುಟ್ಟಿದ ಮಗು ಕಾನೂನಿನ ಕಣ್ಣಿನಲ್ಲಿ ಯಾರದು, ಯಾವ ಹಣ ಕೊಡಬಹುದು, ಯಾವುದನ್ನು ಕೊಟ್ಟರೆ ಅಪರಾಧ ಎಂಬುದನ್ನೆಲ್ಲ ಸ್ಪಷ್ಟವಾಗಿ ಹೇಳಿವೆ. ಆದರೂ ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಕುಟುಂಬಗಳಿಗೆ ಈ ವಿಷಯ ಬಹಳ ಸಲ ಆಸ್ಪತ್ರೆಯ ಕಾರಿಡಾರಿನಲ್ಲಿ ಪರಿಚಯವಾದ ಮಧ್ಯವರ್ತಿಯ ಬಾಯಿಂದಲೇ ಮೊದಲು ತಿಳಿಯುತ್ತದೆ. ಆತ ಹೇಳುವುದು ಕಾನೂನನ್ನಲ್ಲ, ತನ್ನ ವ್ಯಾಪಾರವನ್ನು. ಆದುದರಿಂದ ದಂಪತಿಗೂ, ಗರ್ಭ ಹೊರಲು ಒಪ್ಪಿಕೊಳ್ಳಲಿರುವ ಹೆಣ್ಣುಮಗಳಿಗೂ, ಅವಳ ಮನೆಯವರಿಗೂ ಒಟ್ಟಿಗೆ ಉಪಯೋಗವಾಗಲೆಂದು ಈ ಕೈಪಿಡಿಯನ್ನು ಬರೆಯುತ್ತಿದ್ದೇನೆ.

ಇಡೀ ವಿಷಯದಲ್ಲಿ ಮನಸ್ಸಿನಲ್ಲಿಟ್ಟುಕೊಳ್ಳಬೇಕಾದದ್ದು ಒಂದು ದಿನ: ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವ ದಿನ. ಆ ದಿನದ ತನಕ ಹೆಣ್ಣುಮಗಳು ತಾನು ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು, ದಂಪತಿ ತಮ್ಮ ನಿರ್ಧಾರವನ್ನು ಬದಲಿಸಬಹುದು, ವಿಮೆಯ ಕಾಗದದಲ್ಲಿ ತಪ್ಪಿದ್ದರೆ ತಿದ್ದಿಸಬಹುದು, ನ್ಯಾಯಾಲಯದ ಆದೇಶ ಬಂದಿಲ್ಲವಾದರೆ ಕಾಯಬಹುದು. ಅದರ ಮರುದಿನದಿಂದ ಒಂದು ಜೀವದ ಸಾಧ್ಯತೆ ಅವಳ ಒಡಲಲ್ಲಿರುತ್ತದೆ ಮತ್ತು ಕಾಗದದ ಕೊರತೆಗಳನ್ನೆಲ್ಲ ಅವಳ ದೇಹವೇ ಹೊರಬೇಕಾಗುತ್ತದೆ. ಕಾನೂನು ಕೊಟ್ಟಿರುವ ರಕ್ಷಣೆಗಳಲ್ಲಿ ಬಹುಪಾಲು ಆ ದಿನಕ್ಕಿಂತ ಮೊದಲೇ ಪಡೆಯಬೇಕಾದವು. "ಮೊದಲು ಟ್ರೀಟ್‌ಮೆಂಟ್ ಶುರು ಮಾಡೋಣ, ಪೇಪರ್ ಆಮೇಲೆ ನೋಡೋಣ" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬರುವುದು ಒಳ್ಳೆಯದು.

ದಂಪತಿ ಮೊದಲು ತಿಳಿಯಬೇಕಾದದ್ದು

ಕಾನೂನಿನ ಪ್ರಕಾರ ಮದುವೆಯಾಗಿರುವ ಗಂಡ ಹೆಂಡತಿ ಈ ದಾರಿಯನ್ನು ಹಿಡಿಯಬಹುದು. ಅರ್ಹತಾ ಪ್ರಮಾಣಪತ್ರ ಪಡೆಯುವ ದಿನ ಹೆಂಡತಿಯ ವಯಸ್ಸು 23ರಿಂದ 50ರ ಒಳಗೆ, ಗಂಡನ ವಯಸ್ಸು 26ರಿಂದ 55ರ ಒಳಗೆ ಇರಬೇಕು. ಅವರಿಗೆ ಹೆತ್ತ, ದತ್ತು ಪಡೆದ ಅಥವಾ ಹಿಂದೆ ಬಾಡಿಗೆ ತಾಯ್ತನದಿಂದ ಪಡೆದ ಮಗು ಬದುಕಿರಬಾರದು. ಇರುವ ಮಗುವಿಗೆ ಮಾನಸಿಕ ಅಥವಾ ದೈಹಿಕ ವೈಕಲ್ಯವಿದ್ದರೆ ಅಥವಾ ಶಾಶ್ವತ ಚಿಕಿತ್ಸೆಯಿಲ್ಲದ ಪ್ರಾಣಾಪಾಯದ ಕಾಯಿಲೆಯಿದ್ದರೆ ಮಾತ್ರ ಇದಕ್ಕೆ ವಿನಾಯಿತಿಯುಂಟು. ಒಂಟಿ ಮಹಿಳೆಯರಲ್ಲಿ ವಿಧವೆ ಅಥವಾ ವಿಚ್ಛೇದಿತೆಯಾಗಿದ್ದು 35ರಿಂದ 45 ವರ್ಷದೊಳಗಿರುವವರಿಗೆ ಅವಕಾಶವಿದೆ. ಮದುವೆಯಾಗದ ಮಹಿಳೆಗೂ, ಮದುವೆಯಿಲ್ಲದೆ ಜೊತೆಗಿರುವವರಿಗೂ, ಒಂಟಿ ಗಂಡಸಿಗೂ ಕಾಯ್ದೆ ಅವಕಾಶ ಕೊಟ್ಟಿಲ್ಲ.

ವಯಸ್ಸಿನ ವಿಷಯದಲ್ಲಿ ನ್ಯಾಯಾಲಯಗಳು ಕೆಲವು ದಾರಿಗಳನ್ನು ತೆರೆದಿವೆ. ಮಗನನ್ನು ಕಳೆದುಕೊಂಡ, 55 ದಾಟಿದ ಪತಿಯಿದ್ದ ದಂಪತಿಯೊಬ್ಬರ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟ್ 2023ರಲ್ಲಿ, ಅಂಥವರನ್ನು ಅನುವಂಶಿಕ, ದೈಹಿಕ ಮತ್ತು ಆರ್ಥಿಕ ಎಂಬ ಮೂರು ಪರೀಕ್ಷೆಗಳಿಗೆ ಒಳಪಡಿಸಿ ಅರ್ಜಿಯನ್ನು ಪರಿಗಣಿಸಬಹುದೆಂದು ಹೇಳಿತು. ಕಾಯ್ದೆ ಜಾರಿಗೆ ಬರುವ ಮೊದಲೇ ಭ್ರೂಣಗಳನ್ನು ಶೈತ್ಯೀಕರಿಸಿ ಇಟ್ಟಿದ್ದ ದಂಪತಿಗಳಿಗೆ ಈ ವಯೋಮಿತಿ ಅನ್ವಯಿಸುವುದಿಲ್ಲ ಎಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ 2025ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟಿದೆ. ವಯಸ್ಸಿನ ಕಾರಣಕ್ಕೆ ಬಾಗಿಲು ಮುಚ್ಚಿತೆಂದುಕೊಂಡವರು ಈ ಎರಡು ತೀರ್ಪುಗಳನ್ನು ವಕೀಲರಿಗೆ ತೋರಿಸಿ ಸಲಹೆ ಪಡೆಯಬಹುದು.

ಇಷ್ಟಾದರೂ ಕೇವಲ ಮಕ್ಕಳಾಗಿಲ್ಲ ಎಂಬುದು ಸಾಕಾಗುವುದಿಲ್ಲ. ವೈದ್ಯಕೀಯ ಕಾರಣವಿರಬೇಕು ಮತ್ತು ಆ ಕಾರಣವನ್ನು ಜಿಲ್ಲಾ ವೈದ್ಯಕೀಯ ಮಂಡಳಿ ಒಪ್ಪಿ ಪ್ರಮಾಣಪತ್ರ ಕೊಡಬೇಕು. ಗರ್ಭಕೋಶ ಹುಟ್ಟಿನಿಂದಲೇ ಇಲ್ಲದಿರುವುದು, ಅದು ಸರಿಯಾಗಿ ಬೆಳೆದಿಲ್ಲದಿರುವುದು, ಕ್ಯಾನ್ಸರಿನಂಥ ಕಾಯಿಲೆಯಿಂದ ಅದನ್ನು ತೆಗೆಸಿರುವುದು, ಐವಿಎಫ್ (ದೇಹದ ಹೊರಗೆ ಭ್ರೂಣ ರೂಪಿಸಿ ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆ) ಹಲವು ಸಲ ವಿಫಲವಾಗಿರುವುದು, ಕಾರಣ ತಿಳಿಯದೆ ಮತ್ತೆ ಮತ್ತೆ ಗರ್ಭಪಾತವಾಗಿರುವುದು, ಗರ್ಭ ಧರಿಸಿದರೆ ಪ್ರಾಣಕ್ಕೇ ಅಪಾಯವಾಗುವ ಕಾಯಿಲೆ ಇರುವುದು ನಿಯಮಗಳಲ್ಲಿ ಹೇಳಿರುವ ಕಾರಣಗಳು. ಖಾಸಗಿ ಕ್ಲಿನಿಕ್ ಒಂದರ ಮಾತಿನ ಮೇಲೆ ಮಾತ್ರ ನಿಲ್ಲದೆ, ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲೋ ಮಂಡ್ಯದ ಮಿಮ್ಸ್‌ನಲ್ಲೋ ಸ್ತ್ರೀರೋಗ ತಜ್ಞರಿಗೆ ಎಲ್ಲ ವರದಿಗಳನ್ನೂ ತೋರಿಸಿ ಎರಡನೆಯ ಅಭಿಪ್ರಾಯ ಪಡೆಯುವುದು ಒಳ್ಳೆಯದು. ಐವಿಎಫ್‌ಗೆ ಇನ್ನೂ ಅವಕಾಶವಿರುವಾಗಲೇ ಬಾಡಿಗೆ ತಾಯ್ತನದ ಮಾತನ್ನು ಎತ್ತುವವರೂ ಇದ್ದಾರೆ. ಮಂಡಳಿಯ ಮುಂದೆ ಹೋಗುವ ವಿಧಾನವನ್ನು ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕು. ಯಾವ ನಮೂನೆ, ಯಾವ ದಾಖಲೆ, ಯಾರ ಸಹಿ ಎಂಬುದನ್ನು ಅಲ್ಲಿಯೇ ಬರೆದುಕೊಂಡು ಬನ್ನಿ.

ಅಂಡಾಣು ಅಥವಾ ವೀರ್ಯಾಣು ಯಾರದಿರಬೇಕು ಎಂಬ ನಿಯಮ ಎರಡು ಸಲ ಬದಲಾಗಿರುವುದರಿಂದ ಹಳೆಯ ಮಾಹಿತಿಯನ್ನು ನಂಬಿ ಮೋಸಹೋಗಬಾರದು. 2023ರ ಮಾರ್ಚ್‌ನಲ್ಲಿ ದಾನಿಗಳ ಅಂಡಾಣು, ವೀರ್ಯಾಣುಗಳನ್ನು ನಿಷೇಧಿಸಲಾಗಿತ್ತು. 2024ರ ಫೆಬ್ರವರಿಯ ತಿದ್ದುಪಡಿಯ ಪ್ರಕಾರ, ಗಂಡ ಹೆಂಡತಿಯರಲ್ಲಿ ಒಬ್ಬರಿಗೆ ವೈದ್ಯಕೀಯ ತೊಂದರೆಯಿದೆಯೆಂದು ಜಿಲ್ಲಾ ವೈದ್ಯಕೀಯ ಮಂಡಳಿ ದೃಢಪಡಿಸಿದರೆ ಒಂದು ಕಡೆಯದನ್ನು ದಾನಿಯಿಂದ ಪಡೆಯಬಹುದು. ಇನ್ನೊಂದು ದಂಪತಿಯದೇ ಆಗಿರಬೇಕು. ವಿಧವೆ ಅಥವಾ ವಿಚ್ಛೇದಿತೆ ತನ್ನದೇ ಅಂಡಾಣುವನ್ನು ಬಳಸಬೇಕು.

ಇಷ್ಟೆಲ್ಲ ಯೋಚಿಸುವಾಗ ದತ್ತು ಸ್ವೀಕಾರದ ದಾರಿಯನ್ನೂ ಮನಸ್ಸಿನಿಂದ ತೆಗೆದುಹಾಕಬೇಡಿ. ಕಾಯುವ ಕಾಲ ದೀರ್ಘವೆಂಬುದು ನಿಜ, ಆದರೆ ಅಲ್ಲಿ ಇನ್ನೊಬ್ಬ ಹೆಣ್ಣುಮಗಳ ಆರೋಗ್ಯವನ್ನು ಪಣಕ್ಕಿಡುವ ಪ್ರಶ್ನೆ ಬರುವುದಿಲ್ಲ.

ಗರ್ಭ ಹೊರುವವಳ ಒಪ್ಪಿಗೆ

ಕಾಯ್ದೆಯ ಪ್ರಕಾರ ಗರ್ಭ ಹೊರುವವಳು ಮದುವೆಯಾಗಿರುವ ಅಥವಾ ಆಗಿದ್ದ ಮಹಿಳೆಯಾಗಿರಬೇಕು, ಅವಳಿಗೆ ತನ್ನದೇ ಮಗುವಿರಬೇಕು, ಭ್ರೂಣ ಸೇರಿಸುವ ದಿನ ವಯಸ್ಸು 25ರಿಂದ 35ರ ನಡುವೆ ಇರಬೇಕು, ದೇಹ ಮತ್ತು ಮನಸ್ಸು ಇದಕ್ಕೆ ಸಮರ್ಥವೆಂದು ವೈದ್ಯರ ಪ್ರಮಾಣಪತ್ರವಿರಬೇಕು. ಅವಳ ಸ್ವಂತ ಅಂಡಾಣುವನ್ನು ಬಳಸುವಂತಿಲ್ಲ. ಜೀವಮಾನದಲ್ಲಿ ಒಂದೇ ಸಲ ಈ ಕೆಲಸ ಮಾಡಬಹುದು, ಅದಕ್ಕಾಗಿ ನಡೆಸುವ ಪ್ರಯತ್ನಗಳು ಮೂರನ್ನು ಮೀರುವಂತಿಲ್ಲ. ಹತ್ತಿರದ ಸಂಬಂಧಿಯೇ ಆಗಬೇಕೆಂಬ ಷರತ್ತು ಮೊದಲಿನ ಮಸೂದೆಯಲ್ಲಿತ್ತು, ಅಂಗೀಕಾರವಾದ ಕಾಯ್ದೆಯಲ್ಲಿ ಅದು ಉಳಿಯಲಿಲ್ಲ.

ಷರತ್ತು ಹೋಯಿತಾದರೂ ನಮ್ಮ ಕಡೆ ದಂಪತಿಯ ಕಣ್ಣು ಮೊದಲು ಹೋಗುವುದು ಮನೆಯ ಹೆಣ್ಣುಮಕ್ಕಳ ಕಡೆಗೇ. ಓರಗಿತ್ತಿ, ನಾದಿನಿ, ತಮ್ಮನ ಹೆಂಡತಿ, ಚಿಕ್ಕಮ್ಮನ ಮಗಳು ಎಂದು ಹೆಸರುಗಳು ಬರುತ್ತವೆ. ಹಣದ ವ್ಯವಹಾರವಿಲ್ಲವೆಂಬ ಕಾರಣಕ್ಕೆ ಇದನ್ನು ಸುರಕ್ಷಿತವೆಂದು ಭಾವಿಸಲಾಗುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕೂಡುಕುಟುಂಬದಲ್ಲಿ ಅತ್ತೆ ಮಾವ "ಮನೆಯ ಮಾನದ ಪ್ರಶ್ನೆ" ಎಂದಾಗ, ಗಂಡ "ಅಣ್ಣನಿಗೆ ಇಷ್ಟೂ ಮಾಡಬಾರದೇ" ಎಂದಾಗ, ಕಿರಿಯ ಸೊಸೆಗೆ ಒಲ್ಲೆ ಎನ್ನುವ ಜಾಗವೇ ಇರುವುದಿಲ್ಲ. ಜಮೀನು ಇನ್ನೂ ಪಾಲಾಗದಿದ್ದರೆ ಒತ್ತಡ ಇನ್ನೂ ಹೆಚ್ಚು. ಕಾನೂನಿಗೆ ಇದು ತಿಳಿಯದ ವಿಷಯವೇನಲ್ಲ: ವಿಚಾರಣೆ ನಡೆದಾಗ, ಬೇರೆ ಸಾಬೀತಾಗುವ ತನಕ, ಆ ಮಹಿಳೆಯನ್ನು ಗಂಡ, ಮಗು ಬಯಸಿದ ದಂಪತಿ ಅಥವಾ ಬೇರೆ ಸಂಬಂಧಿಕರು ಬಲವಂತಪಡಿಸಿದ್ದಾರೆಂದೇ ನ್ಯಾಯಾಲಯ ಭಾವಿಸಬೇಕೆಂದು ಕಾಯ್ದೆ ಹೇಳುತ್ತದೆ. ಬಲವಂತ ನಡೆದಿಲ್ಲವೆಂದು ತೋರಿಸುವ ಹೊಣೆ ಅವರದು.

ಹೊರಗಿನ ಮಹಿಳೆಯಾದರೆ ಒತ್ತಡದ ಹೆಸರು ಬದಲಾಗುತ್ತದೆ, ಅದು ಸಾಲ. 2025ರ ಆರಂಭದಲ್ಲಿ ನಂಜನಗೂಡು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಮೈಕ್ರೋಫೈನಾನ್ಸ್ ವಸೂಲಿಯ ಕಾಟಕ್ಕೆ ಜನ ಮನೆಗಳಿಗೆ ಬೀಗ ಹಾಕಿಕೊಂಡು ಹೋದುದನ್ನೂ, ಸರ್ಕಾರ ಅದರ ವಿರುದ್ಧ ಸುಗ್ರೀವಾಜ್ಞೆ ತಂದುದನ್ನೂ ನಾವೆಲ್ಲ ಕಂಡಿದ್ದೇವೆ. ವಾರದ ಕಂತಿಗೆ ಹೊಂದಿಸಲಾಗದೆ, ಗಾರ್ಮೆಂಟ್ಸ್ ಕೆಲಸದ ಸಂಬಳವೂ ಸಾಲದೆ ಇರುವ ಹೆಣ್ಣುಮಗಳ ಮುಂದೆ ಮಧ್ಯವರ್ತಿ ಕೆಲವು ಲಕ್ಷಗಳ ಮಾತನ್ನಾಡಿದರೆ, ಅವಳ ಬಾಯಿಂದ ಬರುವ "ಆಗಲಿ" ಎಂಬುದನ್ನು ಒಪ್ಪಿಗೆಯೆಂದು ಕರೆಯುವುದು ಕಷ್ಟ. ಅಂಡಾಣು ದಾನಕ್ಕೂ ಇದೇ ರೀತಿ ಕರೆಯುವವರಿದ್ದಾರೆ. ಅದಕ್ಕೆ ಬೇರೆಯೇ ಕಾಯ್ದೆಯಿದ್ದು, 23ರಿಂದ 35 ವರ್ಷದ ಮಹಿಳೆ ಜೀವಮಾನದಲ್ಲಿ ಒಂದೇ ಸಲ ಮಾತ್ರ ಅಂಡಾಣು ದಾನ ಮಾಡಬಹುದು. "ಇನ್ನೊಂದು ಸಲ, ಬೇರೆ ಹೆಸರಿನಲ್ಲಿ" ಎನ್ನುವವರು ಅವಳನ್ನು ಅಪರಾಧಕ್ಕೂ ಅಪಾಯಕ್ಕೂ ತಳ್ಳುತ್ತಿದ್ದಾರೆ.

ಹಾಗಾದರೆ ಒಪ್ಪಿಗೆಯನ್ನು ಪರೀಕ್ಷಿಸುವುದು ಹೇಗೆ? ಮೊದಲನೆಯದಾಗಿ, ಅವಳೊಂದಿಗೆ ಮಾತುಕತೆ ಅವಳ ಗಂಡ, ಅತ್ತೆ, ಮಗು ಬಯಸುವ ದಂಪತಿ ಯಾರೂ ಇಲ್ಲದ ಕೋಣೆಯಲ್ಲಿ, ಒಂದಕ್ಕಿಂತ ಹೆಚ್ಚು ಸಲ ನಡೆಯಬೇಕು. ಆಪ್ತಸಮಾಲೋಚಕರನ್ನು ದಂಪತಿ ಅಥವಾ ಕ್ಲಿನಿಕ್ ನೇಮಿಸಿದರೆ ಅವರ ಋಣ ಆ ಕಡೆಗೇ ವಾಲುತ್ತದೆ. ಆದ್ದರಿಂದ ಅವಳೇ ಆರಿಸಿಕೊಂಡ ಒಬ್ಬ ಹೆಂಗಸು, ಅಕ್ಕನೋ ತಾಯಿಯೋ ಊರಿನ ಆಶಾ ಕಾರ್ಯಕರ್ತೆಯೋ, ಜೊತೆಗಿರಲಿ. ಎರಡನೆಯದಾಗಿ, ಕಾಯ್ದೆಯ ಪ್ರಕಾರ ಚಿಕಿತ್ಸೆಯ ಗೊತ್ತಿರುವ ಎಲ್ಲ ಅಡ್ಡಪರಿಣಾಮಗಳನ್ನೂ ಅವಳಿಗೆ ವಿವರಿಸಿ, ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆಯಬೇಕು. ಇಂಗ್ಲಿಷ್ ನಮೂನೆಯ ಕೊನೆಯ ಪುಟದಲ್ಲಿ ಸಹಿ ಹಾಕಿಸಿಕೊಂಡರೆ ಆ ಷರತ್ತು ಪೂರೈಸಿದಂತಾಗುವುದಿಲ್ಲ. ಕನ್ನಡದ ಪ್ರತಿಯನ್ನು ಕೇಳಿ, ಮನೆಗೆ ಒಯ್ದು, ಓದಿಸಿಕೊಂಡು, ಕೆಲವು ದಿನ ಕಳೆದ ಮೇಲೆ ಸಹಿ ಹಾಕಲಿ. ಸಹಿ ಹಾಕಿದ ಪ್ರತಿಯೊಂದು ಹಾಳೆಯ ನಕಲು ಅವಳ ಹತ್ತಿರವೇ ಇರಬೇಕು, ಗಂಡನ ಜೇಬಿನಲ್ಲೋ ಮಧ್ಯವರ್ತಿಯ ಚೀಲದಲ್ಲೋ ಅಲ್ಲ.

ಅವಳಿಗೆ ಏನನ್ನು ಹೇಳಬೇಕು? ಗರ್ಭಕೋಶದ ಒಳಪದರವನ್ನು ಸಿದ್ಧಪಡಿಸಲು ವಾರಗಟ್ಟಲೆ ಹಾರ್ಮೋನ್ ಮಾತ್ರೆ, ಚುಚ್ಚುಮದ್ದುಗಳಿರುತ್ತವೆ ಎಂಬುದನ್ನು. ಮೊದಲ ಪ್ರಯತ್ನದಲ್ಲೇ ಗರ್ಭ ನಿಲ್ಲುವುದೆಂಬ ಭರವಸೆಯಿಲ್ಲ ಎಂಬುದನ್ನು. ಗರ್ಭ ನಿಂತರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ರಕ್ತಸ್ರಾವದ ಅಪಾಯಗಳಿವೆ, ಹೊಟ್ಟೆ ಕೊಯ್ದು ಹೆರಿಗೆ ಮಾಡುವ ಸಾಧ್ಯತೆಯೂ ಇದೆ ಎಂಬುದನ್ನು. ಆ ತಿಂಗಳುಗಳಲ್ಲಿ ಕಬ್ಬಿನ ಗದ್ದೆಯ ಕೆಲಸವಾಗಲಿ ಕಾರ್ಖಾನೆಯ ಪಾಳಿಯಾಗಲಿ ನಡೆಯದೇ ಹೋಗಬಹುದು ಎಂಬುದನ್ನು. ಹೆರಿಗೆಯಾದ ಮೇಲೆ ಎದೆಯಲ್ಲಿ ಹಾಲು ಬರುತ್ತದೆ, ಆದರೆ ಮಗು ಮಡಿಲಲ್ಲಿರುವುದಿಲ್ಲ ಎಂಬುದನ್ನು. ಕೊನೆಯ ಮಾತನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ. ಅವಳಿಗೆ ಈಗಾಗಲೇ ಇರುವ ಮಗುವಿಗೆ ಅಮ್ಮನ ಹೊಟ್ಟೆ ಏಕೆ ದೊಡ್ಡದಾಗುತ್ತಿದೆ, ಬರಬೇಕಾದ ಪಾಪು ಎಲ್ಲಿಗೆ ಹೋಯಿತು ಎಂಬುದಕ್ಕೆ ಏನು ಉತ್ತರ ಕೊಡಬೇಕೆಂಬುದನ್ನೂ ಮೊದಲೇ ಯೋಚಿಸಿಟ್ಟುಕೊಳ್ಳಬೇಕು.

ಇಷ್ಟು ಕೇಳಿದ ಮೇಲೆ ಅವಳು ಬೇಡವೆಂದರೆ ವಿಷಯ ಅಲ್ಲಿಗೇ ಮುಗಿಯಿತು. ಭ್ರೂಣ ಸೇರಿಸುವ ಮುನ್ನ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಹಕ್ಕನ್ನು ಕಾಯ್ದೆಯೇ ಅವಳಿಗೆ ಕೊಟ್ಟಿದೆ. ಅಲ್ಲಿಯ ತನಕ ಆದ ಖರ್ಚನ್ನು ಅವಳಿಂದ ವಸೂಲು ಮಾಡುತ್ತೇವೆಂದು ಬೆದರಿಸಿ ಅವಳನ್ನು ಮುಂದಕ್ಕೆ ತಳ್ಳಿದರೆ, ಉಳಿದದ್ದು ಒಪ್ಪಿಗೆಯಲ್ಲ.

ಹಣ ಮತ್ತು ವಿಮೆ

ಭಾರತದಲ್ಲಿ ಹಣಕ್ಕಾಗಿ ಗರ್ಭ ಹೊರುವುದು, ಹೊರಿಸುವುದು ನಿಷಿದ್ಧ. ಕಾನೂನು ಆಯೋಗ ತನ್ನ 228ನೆಯ ವರದಿಯಲ್ಲಿ 2009ರಲ್ಲಿಯೇ ಇದನ್ನು ಶಿಫಾರಸು ಮಾಡಿತ್ತು. ಚಿಕಿತ್ಸೆಯ ವೆಚ್ಚ, ನಿಯಮಗಳಲ್ಲಿ ಹೇಳಿರುವ ಇತರ ವೆಚ್ಚಗಳು ಮತ್ತು ವಿಮೆಯನ್ನು ಬಿಟ್ಟು ಸಂಭಾವನೆ, ಬಹುಮಾನ, ಸೈಟು, ಚಿನ್ನ, ಸಾಲ ತೀರಿಸುವ ಭರವಸೆ ಯಾವುದನ್ನೂ ಗರ್ಭ ಹೊರುವ ಮಹಿಳೆಗೂ ಅವಳ ಕಡೆಯವರಿಗೂ ಕೊಡುವಂತಿಲ್ಲ. ವಾಣಿಜ್ಯ ಉದ್ದೇಶದ ಬಾಡಿಗೆ ತಾಯ್ತನ ನಡೆಸುವವರಿಗೆ, ಅದಕ್ಕಾಗಿ ಜಾಹೀರಾತು ಕೊಡುವವರಿಗೆ, ಮಹಿಳೆಯನ್ನಾಗಲಿ ಮಗುವನ್ನಾಗಲಿ ಶೋಷಿಸುವವರಿಗೆ 10 ವರ್ಷದ ತನಕ ಜೈಲು ಮತ್ತು 10 ಲಕ್ಷ ರೂಪಾಯಿ ತನಕ ದಂಡವಿದೆ. ಅಂಥ ವ್ಯವಹಾರಕ್ಕೆ ಇಳಿದ ದಂಪತಿಗೆ ಮೊದಲ ಸಲ 5 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡವಾಗಬಹುದು. ಈ ಅಪರಾಧಗಳು ಜಾಮೀನುರಹಿತವಾದವು ಮತ್ತು ರಾಜಿಗೆ ಅವಕಾಶವಿಲ್ಲದವು.

ಹಣ ನಿಷೇಧಿಸಿದ್ದರಿಂದ ಮಾತ್ರ ಹೆಣ್ಣುಮಗಳಿಗೆ ರಕ್ಷಣೆ ಸಿಕ್ಕಿತೆಂದು ಹೇಳಲಾಗದು. ಒಂಬತ್ತು ತಿಂಗಳು ದುಡಿಮೆ ಕಳೆದುಕೊಂಡು, ಅಪಾಯವನ್ನು ಮೈಮೇಲೆ ಎಳೆದುಕೊಂಡವಳಿಗೆ "ಪರೋಪಕಾರ" ಎಂಬ ಹೆಸರಿನಲ್ಲಿ ಬರಿಗೈಯಲ್ಲಿ ಕಳಿಸುವುದು ನ್ಯಾಯವೇ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ. ಆದ್ದರಿಂದಲೇ ಕಾನೂನು ಒಪ್ಪುವ ಖರ್ಚು, ವಿಮೆ ಮತ್ತು ಪರಿಹಾರಗಳಲ್ಲಿ ಒಂದು ಕಾಸನ್ನೂ ಬಿಟ್ಟುಕೊಡಬಾರದು. ಆ ಮೊತ್ತಗಳು ಕಾಗದದ ಮೇಲಿರಬೇಕು. ಪ್ರಯಾಣ, ಔಷಧಿ, ಪರೀಕ್ಷೆಗಳ ಬಿಲ್ಲುಗಳನ್ನು ಅವಳು ಕೈಯಿಂದ ಕೊಟ್ಟು ಆಮೇಲೆ ಕೇಳುವ ಸ್ಥಿತಿ ಬರದಂತೆ ದಂಪತಿಯೇ ನೇರವಾಗಿ ಪಾವತಿಸುವ ಏರ್ಪಾಡು ಮಾಡಿಕೊಳ್ಳಲಿ.

ವಿಮೆಯ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಗರ್ಭ ಹೊರುವ ಮಹಿಳೆಯ ಹೆಸರಿನಲ್ಲಿ 36 ತಿಂಗಳ ಆರೋಗ್ಯ ವಿಮೆಯನ್ನು ದಂಪತಿ ಮಾಡಿಸಬೇಕು ಮತ್ತು ಅದು ಹೆರಿಗೆಯ ನಂತರದ ತೊಡಕುಗಳನ್ನೂ ಒಳಗೊಂಡಿರಬೇಕು ಎಂಬುದು ಕಾನೂನಿನ ಷರತ್ತು. ಮೂರು ವರ್ಷದ ಕಂತು ಕಟ್ಟಿದ ರಸೀತಿಯನ್ನು ನೋಡಬೇಕು, ಏಕೆಂದರೆ ಒಂದು ವರ್ಷಕ್ಕೆ ಕಟ್ಟಿ ಮುಂದಿನದನ್ನು ಮರೆತರೆ ನಷ್ಟ ಅವಳದು. ಪಾಲಿಸಿಯಲ್ಲಿ ಹೆರಿಗೆಗೆ ಸಂಬಂಧಿಸಿದ ಖರ್ಚಿಗೆ ಕಾಯುವ ಅವಧಿ ಎಷ್ಟು, ಬಾಡಿಗೆ ತಾಯ್ತನವನ್ನು ಹೊರಗಿಟ್ಟಿದ್ದಾರೆಯೇ, ಯಾವ ಆಸ್ಪತ್ರೆಗಳಲ್ಲಿ ನಗದಿಲ್ಲದೆ ಚಿಕಿತ್ಸೆ ಸಿಗುತ್ತದೆ, ಅವಳ ತಾಲ್ಲೂಕಿನ ಹತ್ತಿರ ಅಂಥ ಆಸ್ಪತ್ರೆಯಿದೆಯೇ ಎಂದು ಕೇಳಿ ತಿಳಿಯಬೇಕು. ನಾಗಮಂಗಲದ ಹಳ್ಳಿಯಲ್ಲಿರುವವಳಿಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಮಾತ್ರ ನಡೆಯುವ ವಿಮೆ ರಾತ್ರಿ ರಕ್ತಸ್ರಾವವಾದಾಗ ಯಾವ ಉಪಯೋಗಕ್ಕೂ ಬರುವುದಿಲ್ಲ. ಇದರ ಜೊತೆಗೆ, ಅವಳಿಗೆ ಕಾಯಿಲೆ, ಹಾನಿ ಅಥವಾ ಸಾವು ಸಂಭವಿಸಿದರೆ ಪರಿಹಾರ ಕೊಡುವುದಾಗಿ ದಂಪತಿ ಮ್ಯಾಜಿಸ್ಟ್ರೇಟ್ ಮುಂದೆ ಪ್ರಮಾಣ ಮಾಡಿದ ಅಫಿಡವಿಟ್ ಇರಬೇಕೆಂದು ನಿಯಮಗಳು ಹೇಳುತ್ತವೆ. ಅದರ ದೃಢೀಕೃತ ಪ್ರತಿ ಅವಳ ತವರಿನಲ್ಲಿಯೂ ಒಂದು ಇರಲಿ.

ನ್ಯಾಯಾಲಯದ ಆದೇಶ ಮತ್ತು ಪ್ರಮಾಣಪತ್ರಗಳು

ಹುಟ್ಟಲಿರುವ ಮಗುವಿನ ತಂದೆ ತಾಯಿ ಯಾರು, ಅದು ಯಾರ ವಶದಲ್ಲಿರಬೇಕು ಎಂಬುದನ್ನು ಗರ್ಭ ನಿಲ್ಲುವ ಮೊದಲೇ ನ್ಯಾಯಾಲಯ ತೀರ್ಮಾನಿಸಬೇಕು. ದಂಪತಿ ಮತ್ತು ಗರ್ಭ ಹೊರುವ ಮಹಿಳೆ ಇಬ್ಬರೂ ಸೇರಿ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಅಥವಾ ಅದಕ್ಕಿಂತ ಮೇಲಿನ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಮಗು ಹುಟ್ಟಿದ ಮೇಲೆ ಈ ಆದೇಶವೇ ಜನನಕ್ಕೆ ಸಂಬಂಧಿಸಿದ ಅಫಿಡವಿಟ್ ಆಗಿ ನಡೆಯುತ್ತದೆ. ಯಾವ ಊರಿನ ನ್ಯಾಯಾಲಯ ಎಂಬುದು ಇಬ್ಬರ ವಾಸಸ್ಥಳ ಬೇರೆ ಬೇರೆಯಾಗಿದ್ದಾಗ ಗೊಂದಲವಾಗುವುದುಂಟು, ಅರ್ಜಿಗೆ ಮುನ್ನವೇ ವಕೀಲರಿಂದ ಕೇಳಿ ತಿಳಿದುಕೊಳ್ಳಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ದಂಪತಿಯ ವಕೀಲರೇ ಹೆಣ್ಣುಮಗಳ ಪರವಾಗಿಯೂ ಮಾತನಾಡುವುದು ಸರಿಯಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ಸೇವೆ ಸಿಗುತ್ತದೆ. ಮೈಸೂರು ಮತ್ತು ಮಂಡ್ಯ ಎರಡೂ ಕಡೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ, ತಾಲ್ಲೂಕುಗಳಲ್ಲಿ ಸಮಿತಿಗಳಿವೆ. ಬಿಳಿ ಹಾಳೆಯಲ್ಲಿ ಒಂದು ಅರ್ಜಿ ಬರೆದುಕೊಟ್ಟರೂ ಸಾಕು, 15100ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು. ಮ್ಯಾಜಿಸ್ಟ್ರೇಟರು ಪ್ರಶ್ನೆ ಕೇಳಿದಾಗ ಅವಳು ಯಾರ ಮುಖವನ್ನೂ ನೋಡದೆ ಉತ್ತರಿಸುವಂತಾಗಬೇಕಾದರೆ ಪಕ್ಕದಲ್ಲಿ ಅವಳದೇ ವಕೀಲರಿರಬೇಕು.

ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ, ನ್ಯಾಯಾಲಯದ ಆದೇಶ, ವಿಮೆ ಈ ಮೂರೂ ಇದ್ದರೆ ಸಕ್ಷಮ ಪ್ರಾಧಿಕಾರ, ಎಂದರೆ ಈ ಕಾಯ್ದೆಯ ಜಾರಿಗೆಂದು ಸರ್ಕಾರ ನೇಮಿಸಿದ ಪ್ರಾಧಿಕಾರ, ಬಾಡಿಗೆ ತಾಯ್ತನದ ಅಗತ್ಯವಿದೆಯೆಂದು ಹೇಳುವ ಅಗತ್ಯತಾ ಪ್ರಮಾಣಪತ್ರ ಕೊಡುತ್ತದೆ. ದಂಪತಿಯ ಅರ್ಹತೆಗೂ ಗರ್ಭ ಹೊರುವ ಮಹಿಳೆಯ ಅರ್ಹತೆಗೂ ಬೇರೆ ಬೇರೆ ಪ್ರಮಾಣಪತ್ರಗಳಿವೆ. ಅರ್ಜಿ ತಿರಸ್ಕೃತವಾದರೆ 30 ದಿನದೊಳಗೆ ರಾಜ್ಯ ಸರ್ಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು.

ಕ್ಲಿನಿಕ್ ಈ ಕೆಲಸಕ್ಕೆಂದೇ ನೋಂದಣಿ ಪಡೆದಿರಬೇಕು. ಐವಿಎಫ್‌ಗೆ ಇರುವ ನೋಂದಣಿ ಬೇರೆ, ಬಾಡಿಗೆ ತಾಯ್ತನದ ನೋಂದಣಿ ಬೇರೆ. ಎರಡನೆಯದರ ಪ್ರಮಾಣಪತ್ರಕ್ಕೆ ಮೂರು ವರ್ಷದ ಅವಧಿಯಿರುತ್ತದೆ, ದಿನಾಂಕ ನೋಡಿ. ಒಂದು ಸಲಕ್ಕೆ ಒಂದು ಭ್ರೂಣವನ್ನು ಮಾತ್ರ ಸೇರಿಸಬೇಕು, ವಿಶೇಷ ಸಂದರ್ಭದಲ್ಲಿ ಮೂರರ ತನಕ ಎಂಬುದು ನಿಯಮ. "ಅವಳಿ ಆದರೆ ಒಂದೇ ಸಲಕ್ಕೆ ಎರಡು ಮಕ್ಕಳು" ಎಂಬ ಆಸೆ ವಿಶೇಷ ಸಂದರ್ಭವಲ್ಲ. ಅವಳಿ ಗರ್ಭದಲ್ಲಿ ತಾಯಿಗೂ ಅಪಾಯ ಹೆಚ್ಚು, ದಿನ ತುಂಬದೆ ಹುಟ್ಟುವ ಮಕ್ಕಳಿಗೂ ಹೆಚ್ಚು.

ಬಸಿರಿನ ದಿನಗಳು

ಗರ್ಭಿಣಿಯನ್ನು ಅವಳ ಮನೆಯಿಂದ ಬಿಡಿಸಿ, ದೂರದ ಊರಿನ ಕೋಣೆಯೊಂದರಲ್ಲಿ ಹೆರಿಗೆಯಾಗುವ ತನಕ ಇರಿಸುವುದು ನೆರೆಹೊರೆಯ ಮಾತಿಗೆ ಅಂಜಿ ಮಾಡುವ ಏರ್ಪಾಡು. ಅವಳು ತಾನಾಗಿ ಬಯಸಿದರೆ ಹೊರತು ಇದು ಕೂಡದು. ಅವಳ ಫೋನು ಅವಳ ಕೈಯಲ್ಲಿರಬೇಕು, ಅವಳ ಮಕ್ಕಳು ಅವಳ ಕಣ್ಣೆದುರಿರಬೇಕು. ಊರಿನ ಆರೋಗ್ಯ ಕೇಂದ್ರದಲ್ಲಿ ತಾಯಿ ಕಾರ್ಡ್ ಮಾಡಿಸಿ, ಆಶಾ ಕಾರ್ಯಕರ್ತೆಗೆ ನಿಜ ಸಂಗತಿಯನ್ನು ಹೇಳುವುದು ಉತ್ತಮ, ಏಕೆಂದರೆ ಆಪತ್ತು ಬಂದಾಗ ಮೊದಲು ಓಡಿ ಬರುವವರು ಅವರೇ.

ಗರ್ಭಪಾತ ಮಾಡಿಸಿಕೊಳ್ಳೆಂದು ಅವಳನ್ನು ಬಲವಂತ ಮಾಡುವ ಅಧಿಕಾರ ದಂಪತಿಗೂ ವೈದ್ಯರಿಗೂ ಇಲ್ಲ. ಅವಳ ಲಿಖಿತ ಒಪ್ಪಿಗೆ ಮತ್ತು ಸಕ್ಷಮ ಪ್ರಾಧಿಕಾರದ ಅನುಮತಿ ಇಲ್ಲದೆ ಅದನ್ನು ನಡೆಸುವಂತಿಲ್ಲ. ನಡೆಸುವುದಾದರೂ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ ಮಿತಿಯೊಳಗೇ ಆಗಬೇಕು. ಭ್ರೂಣದ ಲಿಂಗ ಪತ್ತೆ ಇಲ್ಲಿಯೂ ಅಪರಾಧವೇ. ಮಂಡ್ಯದ ಆಲೆಮನೆಯೊಂದರಲ್ಲಿ ಲಿಂಗ ಪತ್ತೆಯ ಜಾಲ ನಡೆಯುತ್ತಿದ್ದುದು 2023ರಲ್ಲಿ ಬಯಲಾದ ಮೇಲೆ, ನಮ್ಮ ಜಿಲ್ಲೆಯಲ್ಲಿ ಅಂಥದ್ದು ನಡೆಯುವುದಿಲ್ಲವೆಂದು ಯಾರೂ ಹೇಳುವಂತಿಲ್ಲ. ಗಂಡು ಮಗುವೇ ಬೇಕೆಂಬ ಮನಸ್ಸಿನಿಂದ ಈ ದಾರಿಗೆ ಬರುವವರು ದಯವಿಟ್ಟು ಬರಬೇಡಿ. ಆ ಹಟಕ್ಕೆ ಬೆಲೆ ತೆರುವುದು ಇನ್ನೊಬ್ಬರ ಮನೆಯ ಹೆಣ್ಣುಮಗಳು.

ಮಗು ಹುಟ್ಟಿದ ಮೇಲೆ

ಹುಟ್ಟಿದ ಮಗು ಕಾನೂನಿನಲ್ಲಿ ದಂಪತಿಯ ಸ್ವಂತ ಮಗು. ಆಸ್ತಿ, ಹೆಸರು, ವಾರಸು ಯಾವುದರಲ್ಲಿಯೂ ಹೆತ್ತ ಮಗುವಿಗಿಂತ ಒಂದು ಕೂದಲೆಳೆ ಕಡಿಮೆಯಿಲ್ಲ. ಆಸ್ಪತ್ರೆಗೆ ಹೋಗುವಾಗಲೇ ನ್ಯಾಯಾಲಯದ ಆದೇಶದ ಪ್ರತಿಯನ್ನು ಒಯ್ದು, 21 ದಿನದೊಳಗೆ ಜನನ ನೋಂದಣಿಯಾಗುವಂತೆ ಮತ್ತು ತಂದೆ ತಾಯಿಯ ಹೆಸರು ಸರಿಯಾಗಿ ದಾಖಲಾಗುವಂತೆ ನೋಡಿಕೊಳ್ಳಬೇಕು. ಆಮೇಲೆ ತಿದ್ದಿಸುವುದು ಬಹಳ ಅಲೆದಾಟದ ಕೆಲಸ.

ಮಗುವನ್ನು ತ್ಯಜಿಸುವಂತಿಲ್ಲ. ಅಂಗವೈಕಲ್ಯವಿದ್ದರೂ, ಕಾಯಿಲೆಯಿದ್ದರೂ, ಹೆಣ್ಣಾದರೂ, ಒಂದರ ಬದಲು ಎರಡು ಹುಟ್ಟಿದರೂ, ಯಾವ ಕಾರಣಕ್ಕೂ ಇಲ್ಲವೆಂದು ಕಾಯ್ದೆ ಒಂದೊಂದನ್ನೂ ಹೆಸರಿಸಿ ಹೇಳಿದೆ. ಹೀಗೆ ಹೆಸರಿಸುವ ಅಗತ್ಯ ಸುಮ್ಮನೆ ಬಂದದ್ದಲ್ಲ. 2008ರಲ್ಲಿ ಗುಜರಾತಿನ ಆಣಂದ್‌ನಲ್ಲಿ ಜಪಾನಿನ ದಂಪತಿಗಾಗಿ ಗರ್ಭ ಹೊತ್ತದ್ದಾಯಿತು. ಹೆರಿಗೆಗೆ ಮುನ್ನವೇ ಗಂಡ ಹೆಂಡತಿ ವಿಚ್ಛೇದನ ಪಡೆದರು. ಹುಟ್ಟಿದ ಹೆಣ್ಣು ಮಗುವನ್ನು ಯಾರಿಗೆ ಒಪ್ಪಿಸಬೇಕು, ಯಾವ ದೇಶದ ಪಾಸ್‌ಪೋರ್ಟ್ ಕೊಡಬೇಕು ಎಂಬುದು ಸುಪ್ರೀಂ ಕೋರ್ಟಿನ ತನಕ ಹೋಗಿ, ಕೊನೆಗೆ ಅಜ್ಜಿ ಬಂದು ಕರೆದೊಯ್ಯಬೇಕಾಯಿತು. ಹಾಗಾಗಿ ದಂಪತಿ ತಮ್ಮಿಬ್ಬರಿಗೆ ಏನಾದರೂ ಆದರೆ ಅಥವಾ ತಾವು ಬೇರೆಯಾದರೆ ಮಗುವಿನ ಪಾಲನೆ ಯಾರದು ಎಂಬುದನ್ನು ಉಯಿಲಿನಲ್ಲಿಯೋ ಬೇರೆ ದಾಖಲೆಯಲ್ಲಿಯೋ ಮೊದಲೇ ಬರೆದಿಡುವುದು ಅಗತ್ಯ. ಆ ಹೊಣೆ ಗರ್ಭ ಹೊತ್ತವಳ ಮೇಲೆ ಬೀಳಬಾರದು.

ಉದ್ಯೋಗದಲ್ಲಿರುವ ತಾಯಿಗೆ, ಮಗುವನ್ನು ಕೈಗೆ ಒಪ್ಪಿಸಿದ ದಿನದಿಂದ 12 ವಾರಗಳ ಹೆರಿಗೆ ರಜೆ ಸಿಗುತ್ತದೆ, ಇದು ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಬಂದದ್ದು. ಕೇಂದ್ರ ಸರ್ಕಾರದ ನೌಕರರ ವಿಷಯದಲ್ಲಿ 2024ರ ಜೂನ್‌ನಲ್ಲಿ ನಿಯಮ ಬದಲಾಗಿ, ಎರಡಕ್ಕಿಂತ ಕಡಿಮೆ ಮಕ್ಕಳಿರುವ ತಾಯಿಗೆ, ಮಗುವನ್ನು ಪಡೆದವಳಿರಲಿ ಹೆತ್ತುಕೊಟ್ಟವಳಿರಲಿ, 180 ದಿನಗಳ ರಜೆಗೆ ಅವಕಾಶವಾಗಿದೆ. ಹೆತ್ತುಕೊಟ್ಟವಳಿಗೂ ಬಾಣಂತನವಿದೆ ಎಂಬುದನ್ನು ಅವಳ ಮನೆಯವರು ಮರೆಯಬಾರದು. ಮಡಿಲು ಬರಿದಾಗಿದೆಯೆಂದು ಮೂರನೆಯ ದಿನವೇ ಕೆಲಸಕ್ಕೆ ಹಚ್ಚುವುದು, ಬಿಸಿನೀರು, ಪಥ್ಯ, ವಿಶ್ರಾಂತಿ ಯಾವುದೂ ಇಲ್ಲದಂತೆ ಮಾಡುವುದು ಕ್ರೌರ್ಯ. ಎದೆಹಾಲು ಕಟ್ಟಿ ಜ್ವರ ಬಂದರೆ, ನಿದ್ದೆಯಿಲ್ಲದೆ ಅಳು ನಿಲ್ಲದಿದ್ದರೆ ತಡಮಾಡದೆ ವೈದ್ಯರ ಹತ್ತಿರ ಕರೆದೊಯ್ಯಿರಿ. ಮೂರು ವರ್ಷದ ವಿಮೆ ಇರುವುದೂ ಇಂಥದಕ್ಕೇ.

ಬಲವಂತ, ಹಣದ ವ್ಯವಹಾರ, ಮಗುವನ್ನು ಬಿಟ್ಟುಹೋಗುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಮಹಿಳೆಗಾಗಿ 181, ಮಗುವಿಗಾಗಿ 1098, ಕೂಡಲೇ ಪೊಲೀಸರು ಬೇಕಿದ್ದರೆ 112 ಸಂಖ್ಯೆಗಳಿಗೆ ಕರೆ ಮಾಡಬಹುದು. ಮಗುವಿನ ವಿಷಯವನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಗಮನಕ್ಕೂ ತರಬೇಕು. ಸಕ್ಷಮ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಪ್ರಾಧಿಕಾರ ಕದಲದಿದ್ದರೆ, ನ್ಯಾಯಾಲಯಕ್ಕೆ ಹೋಗುವ ಉದ್ದೇಶವನ್ನು ತಿಳಿಸಿ ಕನಿಷ್ಠ 15 ದಿನಗಳ ನೋಟಿಸ್ ಕೊಟ್ಟ ಯಾವುದೇ ವ್ಯಕ್ತಿ ಅಥವಾ ಸಾಮಾಜಿಕ ಸಂಸ್ಥೆ ನೇರವಾಗಿ ನ್ಯಾಯಾಲಯದಲ್ಲಿ ದೂರು ಸಲ್ಲಿಸಬಹುದು. ಮಹಿಳಾ ಸಂಘಟನೆಗಳಿಗೆ ಇದು ಗೊತ್ತಿರಬೇಕಾದ ಅವಕಾಶ. ಕ್ಲಿನಿಕ್ ತನ್ನ ಎಲ್ಲ ದಾಖಲೆಗಳನ್ನು 25 ವರ್ಷ ಕಾಪಾಡಬೇಕೆಂದು ಕಾಯ್ದೆ ಹೇಳುವುದರಿಂದ, ದೂರಿನಲ್ಲಿ ಚಿಕಿತ್ಸೆಯ ದಿನಾಂಕಗಳನ್ನೂ ಕ್ಲಿನಿಕ್ಕಿನ ನೋಂದಣಿ ಸಂಖ್ಯೆಯನ್ನೂ ಬರೆದರೆ ತನಿಖೆ ಮಾಡುವವರು ಯಾವ ಕಡತವನ್ನು ತರಿಸಬೇಕೆಂದು ಹುಡುಕಬೇಕಾಗುವುದಿಲ್ಲ.